ಮೂವತ್ತು ದಾಟಿದ ಮೇಲೆ ಇಂಜಿನಿಯರಿಂಗ್: ಶಿವಮೊಗ್ಗ ಸೀಮೆಯವರು ಡಿಗ್ರಿ, ಶಾಖೆ ಆರಿಸುವ ಬಗೆ

ಹದಿನೆಂಟರ ಹುಡುಗ ರ್‍ಯಾಂಕ್ ನೋಡಿ ಸಿಕ್ಕಿದ ಶಾಖೆಗೆ ಸೇರಿಕೊಂಡರೆ ನಡೆದೀತು. ತಪ್ಪು ತಿದ್ದಿಕೊಳ್ಳಲು ಅವನಿಗೆ ಹತ್ತು ವರ್ಷ ಇದೆ, ಅಲ್ಲಿಯವರೆಗೆ ಊಟ ಹಾಕಲು ಮನೆಯೂ ಇದೆ. ಮಾಚೇನಹಳ್ಳಿಯ ಫೌಂಡ್ರಿಯಲ್ಲೋ ಮೆಸ್ಕಾಂ ಸೆಕ್ಷನ್ ಆಫೀಸಿನಲ್ಲೋ ಹತ್ತು ವರ್ಷ ದುಡಿದು, ಮನೆ, ಮಕ್ಕಳು, ಎರಡೆಕರೆ ತೋಟ ಇಟ್ಟುಕೊಂಡು ಮತ್ತೆ ಓದಲು ಹೊರಟವರ ಲೆಕ್ಕ ಹಾಗಲ್ಲ. ಅವರ ಹತ್ತಿರ ಹುಡುಗನ ಹತ್ತಿರ ಇಲ್ಲದ ಒಂದು ಸೊತ್ತಿದೆ: ಕೈಗೆ ಹತ್ತಿದ ಕೆಲಸ. ಆ ಕೆಲಸಕ್ಕೆ ಅಂಟಿಕೊಂಡ ಶಾಖೆ ಆರಿಸಿದರೆ ಹಳೆಯ ಹತ್ತು ವರ್ಷವೂ ಅನುಭವದ ಖಾತೆಗೆ ಜಮೆ. ಪೇಟೆಯಲ್ಲಿ ಯಾವುದಕ್ಕೆ ಗಿರಾಕಿ ಜಾಸ್ತಿ ಎಂದು ನೋಡಿ ಆರಿಸಿದರೆ ಇಪ್ಪತ್ತೆರಡರ ಹುಡುಗರ ಜೊತೆ ಶೂನ್ಯದಿಂದ ಓಡಬೇಕು. ಮುಂದೆ ಬರುವ ವಿವರಗಳನ್ನೆಲ್ಲ ಇದೊಂದನ್ನು ತಲೆಯಲ್ಲಿಟ್ಟುಕೊಂಡು ಓದಿ.

ಡಿಗ್ರಿಯನ್ನು ಕೇಳುತ್ತಿರುವವರು ಯಾರು?

ಶಾಖೆಯ ಮಾತಿಗೆ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ನಿಮಗೆ ಬೇಕಾದ ಹುದ್ದೆ, ಬಡ್ತಿ ಅಥವಾ ಲೈಸೆನ್ಸಿನ ಹೆಸರು ಬರೆದು, ಅದರ ಕೊನೆಯ ಅಧಿಸೂಚನೆ ಅಥವಾ ನೇಮಕಾತಿ ನಿಯಮ ಹುಡುಕಿ, ವಿದ್ಯಾರ್ಹತೆಯ ಸಾಲನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ. ಆ ಒಂದು ಸಾಲಿನಲ್ಲಿ ಅರ್ಧ ಪ್ರಶ್ನೆಗಳಿಗೆ ಉತ್ತರ ಸಿಗುತ್ತದೆ. ಅಲ್ಲಿ ‘ಡಿಪ್ಲೊಮಾ’ ಎಂದಷ್ಟೇ ಇದ್ದರೆ ಬಿ.ಇ.ಗೆ ಮೂರು ನಾಲ್ಕು ವರ್ಷ ಸುರಿಯುವ ಅಗತ್ಯವಿಲ್ಲ. ‘ಎಲೆಕ್ಟ್ರಿಕಲ್’ ಎಂದು ಶಾಖೆ ಹೆಸರಿಸಿದ್ದರೆ ಎಲೆಕ್ಟ್ರಾನಿಕ್ಸ್ ಓದಿದವರ ಅರ್ಜಿ ಪರಿಶೀಲನೆಯಲ್ಲೇ ಬಿದ್ದುಹೋಗಬಹುದು. ಹೊಸ ಹೊಸ ಉದ್ದ ಹೆಸರಿನ ಶಾಖೆಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಹೆಸರು ಅಧಿಸೂಚನೆಯಲ್ಲಿ ಇಲ್ಲದಿದ್ದರೆ ‘ತತ್ಸಮಾನ’ ಎಂದು ಸಾಧಿಸುವ ಹೊಣೆ ಅಭ್ಯರ್ಥಿಯ ತಲೆಗೆ. ಸರ್ಕಾರಿ ಕೆಲಸದ ಮೇಲೆ ಕಣ್ಣಿದ್ದರೆ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್ ಎಂಬ ಹಳೆಯ ಸರಳ ಹೆಸರುಗಳೇ ಲೇಸು.

ಅದೇ ಹಾಳೆಯಲ್ಲಿ ವಯಸ್ಸನ್ನೂ ಬರೆಯಿರಿ. ರಾಜ್ಯ ಸರ್ಕಾರದ ನೇರ ನೇಮಕಾತಿಗೆ ಮೂಲ ನಿಯಮದ ಗರಿಷ್ಠ ವಯಸ್ಸು ಸಾಮಾನ್ಯ ವರ್ಗಕ್ಕೆ 35; ಹಿಂದುಳಿದ ವರ್ಗಗಳಾದ 2ಎ, 2ಬಿ, 3ಎ, 3ಬಿಗೆ 38; ಪರಿಶಿಷ್ಟ ಜಾತಿ, ಪಂಗಡ ಮತ್ತು ಪ್ರವರ್ಗ 1ಕ್ಕೆ 40. ಸರ್ಕಾರ ಆಗಾಗ ಒಂದು ಬಾರಿಯ ಸಡಿಲಿಕೆ ಕೊಡುತ್ತದೆ ನಿಜ, ಅದನ್ನು ನಂಬಿ ಕಾಲೇಜು ಸೇರುವುದು ಮೋಡ ನೋಡಿ ಅಡಿಕೆ ಅಂಗಳದಲ್ಲಿ ಹರವಿದ ಹಾಗೆ. 33ಕ್ಕೆ ಮೊದಲ ವರ್ಷ ಸೇರಿದವರು ಹೊರಬರುವಾಗ 37. ಇಂಜಿನಿಯರಿಂಗ್ ಓದಿದವರ ರಾಷ್ಟ್ರಮಟ್ಟದ ಗೇಟ್ ಪರೀಕ್ಷೆಗೆ ವಯಸ್ಸಿನ ಮಿತಿ ಇಲ್ಲ. ಆದರೆ ಗೇಟ್ ಅಂಕ ನೋಡಿ ನೇಮಿಸುವ ಕೇಂದ್ರದ ಉದ್ದಿಮೆಗಳಲ್ಲಿ ಹೆಚ್ಚಿನವು ಮೂವತ್ತರ ಒಳಗಿನವರನ್ನೇ ಕರೆಯುತ್ತವೆ.

ಕ್ಯಾಂಪಸ್ ನೇಮಕಾತಿಯನ್ನೂ ಲೆಕ್ಕದಿಂದ ಬಿಡಿ. ಓದಿನ ಮಧ್ಯೆ ಒಂದೆರಡು ವರ್ಷಕ್ಕಿಂತ ಹೆಚ್ಚು ಬಿಡುವಿರಬಾರದು ಎಂಬ ಷರತ್ತು ಹಾಕುವ ಸಾಫ್ಟ್‌ವೇರ್ ಕಂಪನಿಗಳು ಬಹಳ. ಕಾಲೇಜಿನ ‘ಪ್ಲೇಸ್‌ಮೆಂಟ್’ ಫಲಕದಲ್ಲಿರುವ ಸಂಖ್ಯೆ ನಿಮ್ಮ ವಯಸ್ಸಿನವರಿಗಾಗಿ ಬರೆದದ್ದಲ್ಲ.

ಇನ್ನು ಈಗಾಗಲೇ ಸರ್ಕಾರಿ ನೌಕರಿಯಲ್ಲಿ ಇದ್ದು ಬಡ್ತಿಗಾಗಿ ಓದುವವರು ಅರ್ಜಿ ಹಾಕುವ ಮೊದಲೇ ಇಲಾಖೆಯ ಪೂರ್ವಾನುಮತಿ ಲಿಖಿತವಾಗಿ ಪಡೆಯಬೇಕು. ಅನುಮತಿ ಇಲ್ಲದೆ ಓದಿ ತಂದ ಡಿಗ್ರಿಯನ್ನು ಸೇವಾ ಪುಸ್ತಕದಲ್ಲಿ ನಮೂದಿಸಲು ತಕರಾರು ಬರುತ್ತದೆ. ಕೆಲಸದ ವೇಳೆಯಲ್ಲೇ ರೆಗ್ಯುಲರ್ ತರಗತಿಯ ಹಾಜರಿಯೂ ಇದ್ದರೆ ವಿಚಾರಣೆಯೇ ನಡೆಯಬಹುದು.

ಒಳಗೆ ಹೋಗುವ ಬಾಗಿಲುಗಳು, ಮುಚ್ಚಿದ ಬಾಗಿಲುಗಳು

ಪಿಯುಸಿ ವಿಜ್ಞಾನ ಆಗಿದ್ದರೆ ದಾರಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸುವ ಸಿಇಟಿ ಪ್ರವೇಶ ಪರೀಕ್ಷೆ. ಇಂಜಿನಿಯರಿಂಗಿಗೆ ವಯಸ್ಸಿನ ಮೇಲ್ಮಿತಿ ಇಲ್ಲ. ಭೌತಶಾಸ್ತ್ರ ಮತ್ತು ಗಣಿತ ಕಡ್ಡಾಯ, ಮೂರು ವಿಷಯ ಸೇರಿ 45% ಬೇಕು, ಮೀಸಲು ವರ್ಗಗಳಿಗೆ 40%. ಪರೀಕ್ಷೆಯಲ್ಲಿ ಭೌತ, ರಸಾಯನ, ಗಣಿತಕ್ಕೆ ತಲಾ 60 ಅಂಕ, ತಲಾ 80 ನಿಮಿಷ. ತಪ್ಪು ಉತ್ತರಕ್ಕೆ ಅಂಕ ಕಡಿತವಿಲ್ಲ, ಹಾಗಾಗಿ ಒಂದು ಪ್ರಶ್ನೆಯನ್ನೂ ಖಾಲಿ ಬಿಡಬಾರದು. ರ್‍ಯಾಂಕಿನಲ್ಲಿ ಅರ್ಧ ತೂಕ ಪಿಯುಸಿ ಅಂಕಕ್ಕೆ, ಅರ್ಧ ಸಿಇಟಿಗೆ. ಹದಿನೈದು ವರ್ಷದ ಹಿಂದೆ 52% ತೆಗೆದವರಿಗೆ ಆ ಅರ್ಧ ಈಗಾಗಲೇ ಕಲ್ಲಿನಲ್ಲಿ ಕೆತ್ತಿದ್ದು. ಉಳಿದ ಅರ್ಧದಲ್ಲಿ ಎಷ್ಟು ಏರಿದರೂ ಮೇಲಿನ ರ್‍ಯಾಂಕುಗಳು ಸಿಗುವುದು ಕಷ್ಟ. ಗಾಬರಿಯಾಗಬೇಡಿ, ಸಿವಿಲ್, ಮೆಕ್ಯಾನಿಕಲ್‌ಗೆ ಅಂಥ ರ್‍ಯಾಂಕ್ ಬೇಕಿಲ್ಲ. ಕಂಪ್ಯೂಟರ್ ಸೈನ್ಸಿಗೆ ನುಗ್ಗಾಟ ಬೇರೆ.

ಡಿಪ್ಲೊಮಾ ಆದವರಿಗೆ ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ. ನೇರ ಎರಡನೇ ವರ್ಷಕ್ಕೆ, ಅಂದರೆ ಮೂರನೇ ಸೆಮಿಸ್ಟರಿಗೆ ಪ್ರವೇಶ; ಇದನ್ನೇ ಲ್ಯಾಟರಲ್ ಪ್ರವೇಶ ಎನ್ನುವುದು. ಒಂದು ವರ್ಷದ ಶುಲ್ಕ, ಒಂದು ವರ್ಷದ ಸಂಬಳ ಎರಡೂ ಉಳಿಯುವುದರಿಂದ ದೊಡ್ಡವರಿಗೆ ಇದಕ್ಕಿಂತ ಒಳ್ಳೆಯ ಬಾಗಿಲಿಲ್ಲ. ದೇಶದ ತಾಂತ್ರಿಕ ಶಿಕ್ಷಣವನ್ನು ನಿಯಂತ್ರಿಸುವ ಎಐಸಿಟಿಇಯ ನಿಯಮದ ಪ್ರಕಾರ ಯಾವ ಶಾಖೆಯ ಡಿಪ್ಲೊಮಾ ಆದರೂ ಸರಿ, 45% ಇರಬೇಕು, ಬೇರೆ ಶಾಖೆಗೆ ಹೋಗುವವರಿಗೆ ವಿಶ್ವವಿದ್ಯಾಲಯ ಬ್ರಿಜ್ ಕೋರ್ಸ್ ಕೊಡಬೇಕು. ನಿಯಮ ಬಿಟ್ಟಿದೆ ಎಂದು ಜಿಗಿಯಬೇಡಿ: ಮೆಕ್ಯಾನಿಕಲ್ ಡಿಪ್ಲೊಮಾದವರು ಕಂಪ್ಯೂಟರ್ ಸೈನ್ಸಿನ ಮೂರನೇ ಸೆಮಿಸ್ಟರಿಗೆ ಹೋದರೆ ಡೇಟಾ ಸ್ಟ್ರಕ್ಚರ್ ಪಾಠ ಶುರುವಾಗುವ ಹೊತ್ತಿಗೆ ಸಿ ಭಾಷೆಯನ್ನು ತಾವೇ ಕಲಿತಿರಬೇಕಾಗುತ್ತದೆ.

ಎರಡು ವರ್ಷದ ಐಟಿಐ ಆಗಿದ್ದರೆ ಡಿಪ್ಲೊಮಾದ ಎರಡನೇ ವರ್ಷಕ್ಕೆ ಲ್ಯಾಟರಲ್ ಪ್ರವೇಶ ಇದೆ. ಭದ್ರಾವತಿಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, ಸಾಗರ, ತೀರ್ಥಹಳ್ಳಿಯಲ್ಲೂ ಪಾಲಿಟೆಕ್ನಿಕ್‌ಗಳಿವೆ. ಡಿಪ್ಲೊಮಾಕ್ಕೆ 2, ಬಿ.ಇ.ಗೆ 3, ಒಟ್ಟು 5 ವರ್ಷ. ಡಿಪ್ಲೊಮಾ ಮುಗಿಸಿ ಅಲ್ಲಿ ಒಮ್ಮೆ ನಿಂತು, ಬಂದ ಬಡ್ತಿ ಸಾಕೇ ಎಂದು ನೋಡಿ ಮುಂದುವರಿಯುವುದು ಜಾಣತನ.

ಪಿಯುಸಿ ವಾಣಿಜ್ಯ ಅಥವಾ ಕಲಾ ವಿಭಾಗ ಆದವರಿಗೆ ಬಿ.ಇ. ಬಹಳ ದೂರದ ಊರು. ಎಸ್‌ಎಸ್‌ಎಲ್‌ಸಿ ಆಧಾರದ ಮೇಲೆ ಮೂರು ವರ್ಷದ ಡಿಪ್ಲೊಮಾ, ಆಮೇಲೆ ಮೂರು ವರ್ಷದ ಬಿ.ಇ. ಎಂದರೆ ಆರು ವರ್ಷ. ಕಂಪ್ಯೂಟರ್ ಕೆಲಸವೇ ಗುರಿಯಾಗಿದ್ದು, ಯಾವುದಾದರೂ ಪದವಿ ಇದ್ದು, ಪಿಯುಸಿಯಲ್ಲೋ ಪದವಿಯಲ್ಲೋ ಗಣಿತ ಓದಿದ್ದರೆ ಎಂಸಿಎ ಎಂಬ ಸ್ನಾತಕೋತ್ತರ ಪದವಿ ಎರಡೇ ವರ್ಷದ್ದು. ಪ್ರವೇಶ ಪಿಜಿಸಿಇಟಿ ಪರೀಕ್ಷೆಯ ಮೂಲಕ.

ಉದ್ಯೋಗಸ್ಥರಿಗೆಂದೇ ಒಂದು ದಾರಿ 2023-24ರಿಂದ ತೆರೆದಿದೆ. ಎಐಸಿಟಿಇ ಅನುಮತಿ ಪಡೆದ ಕಾಲೇಜುಗಳು ಕೆಲಸದಲ್ಲಿರುವವರಿಗೆ ಪ್ರತ್ಯೇಕ ಬ್ಯಾಚ್ ಮಾಡಿ ಸಂಜೆ ಅಥವಾ ಅನುಕೂಲದ ವೇಳೆಯಲ್ಲಿ ತರಗತಿ ನಡೆಸಬಹುದು. ನೋಂದಾಯಿತ ಸಂಸ್ಥೆಯಲ್ಲಿ ಕನಿಷ್ಠ 1 ವರ್ಷದ ಪೂರ್ಣಾವಧಿ ಕೆಲಸ, ಕೆಲಸದ ಜಾಗ ಕಾಲೇಜಿನಿಂದ ನಿಗದಿತ ದೂರದೊಳಗೆ ಇರುವುದು ಇದರ ಷರತ್ತುಗಳು. ಸ್ವಂತ ತೋಟ ನೋಡಿಕೊಳ್ಳುವವರು, ಗುತ್ತಿಗೆಯಲ್ಲಿ ಕೈಗೆ ಕಾಸು ಪಡೆಯುವವರು ಇಲ್ಲಿ ಸಿಕ್ಕಿಬೀಳುತ್ತಾರೆ: ನೇಮಕಾತಿ ಪತ್ರ, ಪಿಎಫ್ ಸಂಖ್ಯೆ, ಸಂಬಳದ ಬ್ಯಾಂಕ್ ದಾಖಲೆ ಇಲ್ಲದಿದ್ದರೆ ಅನುಭವ ತೋರಿಸುವುದು ಹೇಗೆ? ಕಾಲೇಜಿನಲ್ಲಿ ‘ಸಂಜೆ ತರಗತಿ ಇದೆಯಾ’ ಎಂದಷ್ಟೇ ಕೇಳಿ ಬರಬೇಡಿ. ಈ ವರ್ಷದ ಎಐಸಿಟಿಇ ಅನುಮತಿ ಪತ್ರದಲ್ಲಿ ನಿಮ್ಮ ಶಾಖೆಯ ಉದ್ಯೋಗಸ್ಥರ ಬ್ಯಾಚ್ ನಮೂದಾಗಿದೆಯೇ ಎಂದು ಕೇಳಿ, ಪತ್ರ ನೋಡಿ.

ಈಗ ಮುಚ್ಚಿದ ಬಾಗಿಲು. ದೂರಶಿಕ್ಷಣದ ಬಿ.ಇ., ಬಿ.ಟೆಕ್. ಮಾನ್ಯವಲ್ಲ. 2017ರ ನವೆಂಬರ್ 3ರಂದು ಸುಪ್ರೀಂ ಕೋರ್ಟ್, ಕೆಲವು ಡೀಮ್ಡ್ ವಿಶ್ವವಿದ್ಯಾಲಯಗಳು ಅನುಮತಿ ಇಲ್ಲದೆ ದೂರಶಿಕ್ಷಣದಲ್ಲಿ ಕೊಟ್ಟ ಇಂಜಿನಿಯರಿಂಗ್ ಪದವಿಗಳನ್ನು ತಡೆಹಿಡಿಯಿತು, ಇನ್ನು ಕೆಲವನ್ನು ರದ್ದೇ ಮಾಡಿತು. ಅವುಗಳ ಮೇಲೆ ಬಡ್ತಿ ಪಡೆದು ವರ್ಷಗಳಾಗಿದ್ದವರೂ ತೊಂದರೆಗೆ ಬಿದ್ದರು. ‘ಕಾಲೇಜಿಗೆ ಬರುವುದು ಬೇಡ, ಪರೀಕ್ಷೆಗೆ ಮಾತ್ರ ಬನ್ನಿ, ಎರಡು ವರ್ಷದಲ್ಲಿ ಬಿ.ಟೆಕ್.’ ಎನ್ನುವ ಏಜೆಂಟರು ಬಸ್‌ ಸ್ಟ್ಯಾಂಡಿನ ಗೋಡೆಯಿಂದ ಈಗ ಮೊಬೈಲಿಗೆ ಬಂದಿದ್ದಾರೆ, ಅಷ್ಟೇ ವ್ಯತ್ಯಾಸ. ಇಂಜಿನಿಯರುಗಳ ಸಂಸ್ಥೆ ನಡೆಸುವ, ಹಿಂದೆ ಬಿ.ಇ.ಗೆ ಸಮ ಎನಿಸಿದ್ದ ಎಎಂಐಇ ಪರೀಕ್ಷೆಯ ಬಗ್ಗೆಯೂ ಹಳಬರ ಮಾತು ಕೇಳಿ ಹೊರಡಬೇಡಿ: ಕೇಂದ್ರ ಸರ್ಕಾರದ ಹಳೆಯ ಮಾನ್ಯತೆ ಅನ್ವಯಿಸಿದ್ದು 2013ರ ಮೇ 31ರ ಒಳಗೆ ನೋಂದಾಯಿಸಿದವರಿಗೆ. ಮದ್ರಾಸ್ ಐಐಟಿಯ ಆನ್‌ಲೈನ್ ಬಿ.ಎಸ್. ಡೇಟಾ ಸೈನ್ಸ್ ಪದವಿ ಅಸಲಿ, ವಯಸ್ಸಿನ ಮಿತಿ ಇಲ್ಲ, ನಡುವೆ ಸರ್ಟಿಫಿಕೇಟ್ ಅಥವಾ ಡಿಪ್ಲೊಮಾ ಪಡೆದು ನಿಲ್ಲಲೂಬಹುದು. ಆದರೆ ಅದು ಬಿ.ಎಸ್.; ಅಧಿಸೂಚನೆಯಲ್ಲಿ ಬಿ.ಇ. ಕೇಳಿದ ಕಡೆ ಅದನ್ನು ತೋರಿಸಿ ಪ್ರಯೋಜನವಿಲ್ಲ.

ಶಾಖೆ

ಕೆಲಸದಿಂದ ಶಾಖೆಗೆ ಬನ್ನಿ. ಲೈನ್ ಕೆಲಸ, ಪಂಪ್‌ಸೆಟ್ ರಿವೈಂಡಿಂಗ್, ಸೋಲಾರ್ ಜೋಡಣೆ, ಕಾರ್ಖಾನೆಯ ಎಲೆಕ್ಟ್ರಿಕಲ್ ನಿರ್ವಹಣೆ ಮಾಡಿದವರಿಗೆ ಎಲೆಕ್ಟ್ರಿಕಲ್ ಅಂಡ್ ಎಲೆಕ್ಟ್ರಾನಿಕ್ಸ್. ಈ ಸೀಮೆಯಲ್ಲಿ ಇದಕ್ಕೆ ನೆಲದ ಬಲವೇ ಇದೆ: ಶರಾವತಿಯ ವಿದ್ಯುದಾಗಾರ ಒಂದೇ 1,035 ಮೆಗಾವಾಟಿನದು, 103.5 ಮೆಗಾವಾಟಿನ ಹತ್ತು ಘಟಕ; ಜೋಗದಲ್ಲಿ ಮಹಾತ್ಮ ಗಾಂಧಿ ವಿದ್ಯುದಾಗಾರ, ಘಟ್ಟದ ಕೆಳಗೆ ವಾರಾಹಿ, ನಡುವೆ ಸಬ್‌ಸ್ಟೇಷನ್‌ಗಳ ಸಾಲು. ಹೊಸಬರಿಗೆ ಇಲ್ಲಿ ಕಾಲು ಜಾರುವುದು ನೆಟ್‌ವರ್ಕ್ ಅನಾಲಿಸಿಸ್ ಮತ್ತು ಎಲೆಕ್ಟ್ರೊಮ್ಯಾಗ್ನೆಟಿಕ್ ಫೀಲ್ಡ್ಸ್ ಎಂಬ ಎರಡು ವಿಷಯಗಳಲ್ಲಿ. ಎರಡಕ್ಕೂ ಮೂಲ ಗಣಿತವೇ: ಸಂಕೀರ್ಣ ಸಂಖ್ಯೆ, ಮ್ಯಾಟ್ರಿಕ್ಸ್, ವೆಕ್ಟರ್ ಕಲನ. ಟ್ರಾನ್ಸ್‌ಫಾರ್ಮರ್ ಬಿಚ್ಚಿ ಜೋಡಿಸಿದ ಕೈಗೆ ಮೆಷಿನ್ಸ್ ವಿಷಯ ಮಾತ್ರ ಸಲೀಸು. ತರಗತಿಯಲ್ಲಿ ಹುಡುಗರೇ ಬಂದು ಕೇಳಿಕೊಂಡು ಹೋಗುತ್ತಾರೆ.

ಸೈಟ್ ಸೂಪರ್‌ವೈಸರ್, ಮೇಸ್ತ್ರಿ ಕೆಲಸದಿಂದ ಮೇಲೆ ಬಂದವರು, ಪಂಚಾಯಿತಿ ಕಾಮಗಾರಿ ನೋಡಿಕೊಂಡವರಿಗೆ ಸಿವಿಲ್. ಹಳ್ಳ, ತೋಡು, ಕುಸಿಯುವ ಗುಡ್ಡ, ವರ್ಷಕ್ಕೆ ಐದಾರು ತಿಂಗಳು ಹಸಿಯಾಗಿರುವ ಜಂಬಿಟ್ಟಿಗೆ ಮಣ್ಣು ಇವೆಲ್ಲ ಪಠ್ಯದ ಜಿಯೊಟೆಕ್ನಿಕಲ್ ಅಧ್ಯಾಯವಾಗುವ ಮೊದಲೇ ಮಲೆನಾಡಿನವರಿಗೆ ಗೊತ್ತು. ಶರಾವತಿ ಹಿನ್ನೀರಿನ ಮೇಲೆ 2025ರ ಜುಲೈನಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆಯಂಥ ಕೆಲಸ ನಡೆಯುವಾಗ ಊರಿನ ಪಕ್ಕದಲ್ಲೇ ಕಲಿಯುವುದು ಬಹಳ ಸಿಗುತ್ತದೆ. ಸ್ಟ್ರಕ್ಚರಲ್ ಅನಾಲಿಸಿಸ್ ಬಹಳ ಜನರನ್ನು ಫೇಲು ಮಾಡುವ ವಿಷಯ. ಶಿಯರ್ ಫೋರ್ಸ್, ಬೆಂಡಿಂಗ್ ಮೊಮೆಂಟ್ ನಕ್ಷೆಗಳು ಮೂರನೇ ಸೆಮಿಸ್ಟರಿನಲ್ಲೇ ಗಟ್ಟಿಯಾಗದಿದ್ದರೆ ಮುಂದಿನ ಮೂರು ವಿಷಯ ಒಟ್ಟಿಗೆ ಕುಸಿಯುತ್ತವೆ. ಇನ್ನೊಂದು ಮಾತು: ಗುತ್ತಿಗೆದಾರರಾಗಿ ಬೆಳೆಯುವುದಷ್ಟೇ ಗುರಿಯಾದರೆ ಬಿ.ಇ. ಬೇಡ, ಬಂಡವಾಳ ಬೇಕು. ಸ್ಥಳೀಯ ಸಂಸ್ಥೆಗಳಲ್ಲಿ ನೋಂದಾಯಿತ ಇಂಜಿನಿಯರ್ ಆಗಿ ಕಟ್ಟಡದ ನಕ್ಷೆಗೆ ಸಹಿ ಹಾಕುವ ಆಸೆ ಇದ್ದರೆ ಡಿಗ್ರಿಗೆ ಬೆಲೆ.

ಫೌಂಡ್ರಿ, ಲೇತ್, ಸಿಎನ್‌ಸಿ, ಗ್ಯಾರೇಜ್, ಅಡಿಕೆ ಸುಲಿಯುವ ಯಂತ್ರದ ವರ್ಕ್‌ಶಾಪ್ ಎಂದರೆ ಮೆಕ್ಯಾನಿಕಲ್. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕೆಲಸ ಶುರುಮಾಡಿದ್ದು 1923ರಲ್ಲಿ. ಅದರ ಸುತ್ತ ಬೆಳೆದ ಎರಕದ ವಿದ್ಯೆ ಇವತ್ತು ಶಿವಮೊಗ್ಗದ ಫೌಂಡ್ರಿಗಳಲ್ಲಿ ಉಳಿದಿದೆ. ಎರಕದಲ್ಲಿ ಗಾಳಿಗುಳ್ಳೆ ಯಾಕೆ ಬರುತ್ತದೆ ಎಂದು ಕೈಯಿಂದ ಬಲ್ಲವರಿಗೆ ಅದರ ಹಿಂದಿನ ಲೋಹಶಾಸ್ತ್ರ, ಘನೀಕರಣದ ಲೆಕ್ಕ ತಿಳಿದರೆ ಅವರು ಶಾಪ್ ಫ್ಲೋರಿನಿಂದ ಕ್ವಾಲಿಟಿ ವಿಭಾಗಕ್ಕೋ ಮೆಥಡ್ಸ್ ವಿಭಾಗಕ್ಕೋ ಹೋಗುತ್ತಾರೆ. ಹುಡುಗರಿಗೆ ಆ ಕುರ್ಚಿ ಸುಲಭಕ್ಕೆ ಸಿಗುವುದಿಲ್ಲ. ಕಷ್ಟದ ವಿಷಯಗಳು ಥರ್ಮೊಡೈನಮಿಕ್ಸ್, ಹೀಟ್ ಟ್ರಾನ್ಸ್‌ಫರ್, ಫೈನೈಟ್ ಎಲಿಮೆಂಟ್. ಡ್ರಾಯಿಂಗ್ ಈಗ ಕಂಪ್ಯೂಟರಿನಲ್ಲಿ. ಹಾಳೆಯ ಮೇಲಿನ ನಕ್ಷೆ ಓದಬಲ್ಲವರೂ ಸಾಫ್ಟ್‌ವೇರಿಗೆ ತಿಂಗಳೊಂದು ತೆಗೆದಿಡಬೇಕು.

ಕಂಪ್ಯೂಟರ್ ಸೈನ್ಸ್ ಬಗ್ಗೆ ನೇರವಾಗಿ ಹೇಳಿಬಿಡುವುದು ಒಳ್ಳೆಯದು. ಈಗಾಗಲೇ ಪ್ರೋಗ್ರಾಂ ಬರೆಯುತ್ತಿರುವವರು, ನೆಟ್‌ವರ್ಕ್ ನಿರ್ವಹಣೆ ಮಾಡುತ್ತಿರುವವರು, ತಮ್ಮ ಕಂಪನಿಯಲ್ಲೇ ಬಡ್ತಿಗೆ ಡಿಗ್ರಿ ಅಡ್ಡಿಯಾಗಿರುವವರು ಸೇರಲಿ. ‘ಅದರಲ್ಲಿ ಸಂಬಳ ಜಾಸ್ತಿ’ ಎಂಬ ಒಂದೇ ಕಾರಣವಾದರೆ ಮೊದಲು ಆರು ತಿಂಗಳು ಮನೆಯಲ್ಲೇ ‘ಸ್ವಯಂ’ ಅಥವಾ ‘ಎನ್‌ಪಿಟಿಇಎಲ್’ ಎಂಬ ಸರ್ಕಾರಿ ಆನ್‌ಲೈನ್ ಪಾಠದ ತಾಣಗಳಲ್ಲಿ ಪೈಥಾನ್, ಡೇಟಾ ಸ್ಟ್ರಕ್ಚರ್ ಕೋರ್ಸ್‌ಗಳನ್ನು ಉಚಿತವಾಗಿ ಮಾಡಿ. ವಾರಕ್ಕೆ ಎಂಟು ಗಂಟೆ ಬೇಸರವಿಲ್ಲದೆ ಕೂರಲು ಆದರೆ ಮುಂದಿನ ಮಾತು. ಎಲೆಕ್ಟ್ರಾನಿಕ್ಸ್ ಅಂಡ್ ಕಮ್ಯುನಿಕೇಷನ್ ಗಣಿತ ಹೆಚ್ಚು ಬೇಡುವ ಶಾಖೆ, ಅದರ ಕೆಲಸಗಳು ಬಹುತೇಕ ಬೆಂಗಳೂರಿನವು. ಊರು ಬಿಡಲು ಸಿದ್ಧರಿಲ್ಲದವರು ಯೋಚಿಸಿ.

ಕಾಲೇಜು

ಶಿವಮೊಗ್ಗದಲ್ಲಿ ಸವಳಂಗ ರಸ್ತೆಯ ಜೆಎನ್‌ಎನ್‌ಸಿಇ 1980ರಿಂದ ಇದೆ, ಸಾಗರ ರಸ್ತೆಯ ಪಿಇಎಸ್‌ಐಟಿಎಂ 2007ರಿಂದ. ಆಚೆ ಈಚೆ ಚಿಕ್ಕಮಗಳೂರಿನ ಆದಿಚುಂಚನಗಿರಿ, ಹಾಸನದ ಮಲ್ನಾಡ್, ದಾವಣಗೆರೆಯ ಬಾಪೂಜಿ ಮತ್ತು ಯುಬಿಡಿಟಿ. ಎಲ್ಲವೂ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ವ್ಯಾಪ್ತಿಯವು. ಯುಬಿಡಿಟಿ ವಿಟಿಯುವಿನದೇ ಘಟಕ ಕಾಲೇಜು.

ಗುಣಮಟ್ಟ ಅಳೆಯುವ ಸಂಸ್ಥೆಗಳು ಎರಡು: ನ್ಯಾಕ್ ಶ್ರೇಣಿ ಇಡೀ ಕಾಲೇಜಿಗೆ ಕೊಡುವುದು, ಎನ್‌ಬಿಎ ಮಾನ್ಯತೆ ಒಂದೊಂದು ಶಾಖೆಗೆ, ಒಂದೊಂದು ಅವಧಿಗೆ. ಹಾಗಾಗಿ ‘ನಮ್ಮದು ಎನ್‌ಬಿಎ ಕಾಲೇಜು’ ಎಂದರೆ ನಿಮ್ಮ ಶಾಖೆಯ ಹೆಸರು, ಮುಗಿಯುವ ದಿನಾಂಕ ಕೇಳಿ. ಮುಂದೆ ವಿದೇಶಕ್ಕೆ ಹೋಗುವ ಅಂದಾಜಿದ್ದವರಿಗೆ ಇನ್ನೊಂದು ಪದರ: ಇಂಜಿನಿಯರಿಂಗ್ ಪದವಿಗಳನ್ನು ದೇಶಗಳು ಪರಸ್ಪರ ಮಾನ್ಯ ಮಾಡುವ ವಾಷಿಂಗ್ಟನ್ ಒಪ್ಪಂದಕ್ಕೆ ಭಾರತ ಪೂರ್ಣ ಸದಸ್ಯನಾದದ್ದು 2014ರಲ್ಲಿ, ಅದರ ಲಾಭ ಎನ್‌ಬಿಎ ಟಯರ್-1 ಮಾನ್ಯತೆಯ ಕೋರ್ಸ್‌ಗಳಿಗೆ ಮಾತ್ರ. ಪ್ರಾಂಶುಪಾಲರ ಕೊಠಡಿಗಿಂತ ಕ್ಯಾಂಟೀನಿನಲ್ಲಿ ಹೆಚ್ಚು ಮಾಹಿತಿ ಸಿಗುತ್ತದೆ. ಕೊನೆಯ ವರ್ಷದ ಇಬ್ಬರನ್ನು ಹಿಡಿದು ಕೇಳಿ: ಲ್ಯಾಬ್ ನಿಜವಾಗಿ ನಡೆಯುತ್ತದೆಯೇ, ವರ್ಷದ ನಡುವೆ ಎಷ್ಟು ಅಧ್ಯಾಪಕರು ಬಿಟ್ಟುಹೋದರು, ಹಾಜರಿ ಕಡಿಮೆಯಾದರೆ ಏನು ಮಾಡುತ್ತಾರೆ.

ಹಾಜರಿ ಮತ್ತು ಅಡಿಕೆ ಕೊಯ್ಲು

ದೊಡ್ಡವರು ಬಿ.ಇ. ಬಿಡುವುದು ಬುದ್ಧಿ ಸಾಲದೆ ಅಲ್ಲ, ಹಾಜರಿ ಸಾಲದೆ. ವಿಟಿಯು ನಿಯಮ 85%. ಮೂರು ಕ್ರೆಡಿಟ್‌ನ ಒಂದು ವಿಷಯಕ್ಕೆ ಸಾಮಾನ್ಯವಾಗಿ 40 ಗಂಟೆ ಪಾಠ. 34ಕ್ಕೆ ಹಾಜರಿರಬೇಕು, ತಪ್ಪಿಸಿಕೊಳ್ಳಲು ಸಿಗುವುದು 6. ವಾರಕ್ಕೆ ಮೂರು ಗಂಟೆಯಂತೆ ಲೆಕ್ಕ ಹಾಕಿದರೆ ಎರಡು ವಾರ ರಜೆ ಹಾಕಿದಲ್ಲಿಗೆ ಮುಗಿಯಿತು. ಅನಾರೋಗ್ಯದಂಥ ಕಾರಣಕ್ಕೆ 10%ವರೆಗೆ ವಿನಾಯಿತಿ ಕೊಡಬಹುದು, ಅದನ್ನು ಮೊದಲೇ ಖರ್ಚು ಮಾಡಬೇಡಿ. ಆಂತರಿಕ 50, ಅಂತಿಮ ಪರೀಕ್ಷೆ 50. ಆಂತರಿಕದಲ್ಲಿ 20, ಅಂತಿಮದಲ್ಲಿ 18, ಒಟ್ಟು 40 ಇದ್ದರೆ ಪಾಸು. ಆಂತರಿಕ ಅಂಕ ಹೋದರೆ ಅಂತಿಮ ಪರೀಕ್ಷೆಗೇ ಕೂರಿಸುವುದಿಲ್ಲ.

ಈಗ ಇದನ್ನು ತೋಟದ ಪಂಚಾಂಗದ ಮೇಲೆ ಇಟ್ಟು ನೋಡಿ. ಅಡಿಕೆ ಗೊನೆಯ ಕೊಯ್ಲು ಅಕ್ಟೋಬರಿನಿಂದ ಜನವರಿ. ಬೆಸ ಸೆಮಿಸ್ಟರಿನ ಕೊನೆಯ ಆಂತರಿಕ ಪರೀಕ್ಷೆ, ಲ್ಯಾಬ್ ಪರೀಕ್ಷೆ, ಥಿಯರಿ ಬರುವುದು ಸುಮಾರು ಡಿಸೆಂಬರ್–ಜನವರಿಯಲ್ಲಿ. ಅಡಿಕೆ ಸುಲಿದು, ಬೇಯಿಸಿ, ಒಣಗಿಸುವ ಹೊತ್ತಿಗೆ ಸರಿಯಾಗಿ ಪುಸ್ತಕ. ಸಮ ಸೆಮಿಸ್ಟರ್ ಮುಗಿಯುವುದು ಜೂನ್–ಜುಲೈ ಆಸುಪಾಸು. ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮುಂಚೆ ಒಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ, ಅಂದರೆ ಆ ಎರಡನೇ ಔಷಧಿ ಪರೀಕ್ಷೆಯ ನಡುವೆಯೇ ಬೀಳುತ್ತದೆ. ಸ್ವಾಯತ್ತ ಕಾಲೇಜಿನ ವೇಳಾಪಟ್ಟಿ ಸ್ವಲ್ಪ ಆಚೀಚೆ ಇರಬಹುದು, ತಿಕ್ಕಾಟ ತಪ್ಪುವುದಿಲ್ಲ. ಓದುವಷ್ಟು ವರ್ಷ ಕೊಯ್ಲನ್ನು ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವುದು ಅಥವಾ ಹಸಿ ಅಡಿಕೆಯನ್ನೇ ಮಾರುವುದು ನಿಶ್ಚಯ ಮಾಡಿಕೊಳ್ಳಿ. ಔಷಧಿ ಹೊಡೆಯುವವರಿಗೆ ಏಪ್ರಿಲ್‌ನಲ್ಲೇ ಮುಂಗಡ ಕೊಟ್ಟಿಡಿ. ಚೇಣಿಯಿಂದ ಕಡಿಮೆಯಾಗುವ ಆದಾಯವನ್ನು ಡಿಗ್ರಿಯ ಖರ್ಚಿನಲ್ಲಿ ಬರೆಯಿರಿ, ಅದು ಖರ್ಚೇ.

ದೂರವನ್ನೂ ಗಂಟೆಯಲ್ಲಿ ಅಳೆಯಿರಿ. ಭದ್ರಾವತಿಯಿಂದ ದಿನಾ ಓಡಾಡಬಹುದು. ತೀರ್ಥಹಳ್ಳಿ, ಸಾಗರದಿಂದ ಒಂದು ಕಡೆಗೆ ಒಂದೂವರೆ ಗಂಟೆಯಾದರೂ ಹಿಡಿಯುತ್ತದೆ, ಆರು ದಿನಕ್ಕೆ 18 ಗಂಟೆ. ಮರ ಬಿದ್ದೋ ಗುಡ್ಡ ಜರಿದೋ ಬಸ್ ನಿಂತ ದಿನ ಹಾಜರಿ ಪುಸ್ತಕ ಕಾರಣ ಕೇಳುವುದಿಲ್ಲ, ಗೈರು ಗೈರೇ. ಜೂನ್‌ನಿಂದ ಆಗಸ್ಟ್ ತನಕವಾದರೂ ಪೇಟೆಯಲ್ಲಿ ಕೋಣೆ ಮಾಡುವುದು ಅಗ್ಗ.

ಎಲ್ಲ ಸೆಮಿಸ್ಟರೂ ಒಂದೇ ಉಸಿರಿಗೆ ಮುಗಿಯಬೇಕೆಂದಿಲ್ಲ. ನಾಲ್ಕು ವರ್ಷದ ಬಿ.ಇ. ಮುಗಿಸಲು 8 ವರ್ಷ, ಲ್ಯಾಟರಲ್‌ನವರಿಗೆ 6 ವರ್ಷ ಅವಕಾಶ. ಇದರ ಜೊತೆ ಎಐಸಿಟಿಇ ಚಟುವಟಿಕೆ ಅಂಕ ಎಂದು ಇದೆ, ರೆಗ್ಯುಲರ್‌ಗೆ 100, ಲ್ಯಾಟರಲ್‌ಗೆ 75. ಊರಿನ ಕೆರೆ, ಶಾಲೆ, ನೀರಿನ ಕೆಲಸದಲ್ಲಿ ವಾರಾಂತ್ಯ ತೊಡಗಿಕೊಂಡರೆ ಸಿಗುತ್ತದೆ. ಮರೆತವರಿಗೆ ಕೊನೆಯ ಸೆಮಿಸ್ಟರಿನಲ್ಲಿ ಡಿಗ್ರಿ ತಡೆಯುತ್ತದೆ.

ಗಣಿತ

ಮುಂಚೆಯೇ ಪರೀಕ್ಷೆ ಮಾಡಿಕೊಳ್ಳಿ. ದ್ವಿತೀಯ ಪಿಯುಸಿ ಗಣಿತ ಪುಸ್ತಕದಿಂದ ಬೇರೆ ಬೇರೆ ಅಧ್ಯಾಯದ 20 ಲೆಕ್ಕ ಯಾರಿಂದಲಾದರೂ ಗುರುತು ಹಾಕಿಸಿ, ಒಂದು ಗಂಟೆ ಇಟ್ಟುಕೊಂಡು ಬಿಡಿಸಿ. 12ಕ್ಕಿಂತ ಹೆಚ್ಚು ಬಂದರೆ ಸಣ್ಣ ತಾಲೀಮು ಸಾಕು. 6ರ ಕೆಳಗಾದರೆ ಹತ್ತನೇ ತರಗತಿಯ ಬೀಜಗಣಿತದಿಂದಲೇ ಹತ್ತಬೇಕು, ನಾಚಿಕೆಯೇನಿಲ್ಲ. ಬೆಳಗಿನ 90 ನಿಮಿಷದಂತೆ ಹದಿನಾರು ವಾರ: ಮೊದಲ ಮೂರು ವಾರ ಬೀಜಗಣಿತ, ಲಾಗರಿದಮ್, ಎರಡು ವಾರ ತ್ರಿಕೋನಮಿತಿ, ನಾಲ್ಕು ವಾರ ಅವಕಲನ, ನಾಲ್ಕು ವಾರ ಅನುಕಲನ, ಉಳಿದದ್ದು ಮ್ಯಾಟ್ರಿಕ್ಸ್, ವೆಕ್ಟರ್, ಸಂಕೀರ್ಣ ಸಂಖ್ಯೆಗೆ. ಎಲ್ಲರೂ ಎಡವುವುದು ಅನುಕಲನದಲ್ಲಿ ಎಂದು ತೋರುತ್ತದೆ, ನಿಜಕ್ಕೂ ಕಾರಣ ತ್ರಿಕೋನಮಿತಿಯ ಸೂತ್ರಗಳು ಕೈಯಲ್ಲಿ ಇಲ್ಲದಿರುವುದು. ಲ್ಯಾಟರಲ್ ಪ್ರವೇಶದವರಿಗೆ ಮೊದಲ ವರ್ಷದ ಗಣಿತ ತಪ್ಪಿರುತ್ತದೆ, ಮೂರನೇ ಸೆಮಿಸ್ಟರ್ ಅದು ಗೊತ್ತಿದೆ ಎಂದೇ ಹೊರಡುತ್ತದೆ. ಅವರಿಗೆ ಈ ಹದಿನಾರು ವಾರ ಕಡ್ಡಾಯ ಎಂದೇ ತಿಳಿಯಿರಿ.

ದುಡ್ಡು

ಶುಲ್ಕವಷ್ಟೇ ಖರ್ಚಲ್ಲ, ಬಿಟ್ಟ ಸಂಬಳ ದೊಡ್ಡದು. ತಿಂಗಳಿಗೆ 22,000 ದುಡಿಯುವವರು ಕೆಲಸ ಬಿಟ್ಟು ಮೂರು ವರ್ಷ ಓದಿದರೆ 7,92,000, ನಾಲ್ಕು ವರ್ಷವಾದರೆ 10,56,000. ಡಿಗ್ರಿಯಿಂದ ಸಂಬಳ ತಿಂಗಳಿಗೆ 12,000 ಏರಿತು ಎಂದಿಟ್ಟುಕೊಂಡರೂ ಮೂರು ವರ್ಷದ ಬಿಟ್ಟ ಸಂಬಳ ವಾಪಸು ಬರಲು 66 ತಿಂಗಳು, ಶುಲ್ಕ ಬೇರೆ. 35ಕ್ಕೆ ಸೇರಿದವರಿಗೆ ಅದು 43 ದಾಟಿದ ಮೇಲಿನ ಮಾತು. ನಿಮ್ಮ ಅಂಕಿ ಹಾಕಿ ಇದೇ ಲೆಕ್ಕ ಮಾಡಿ, ಐವತ್ತರ ಆಚೆ ಹೋದರೆ ಡಿಪ್ಲೊಮಾ ಅಥವಾ ಉದ್ಯೋಗಸ್ಥರ ಬ್ಯಾಚನ್ನೇ ನೋಡಿ.

ಖಾಸಗಿ ಕಾಲೇಜಿನಲ್ಲಿ ಒಂದೇ ಬೆಂಚಿನ ಮೂವರಿಗೆ ಮೂರು ಶುಲ್ಕ ಇರುತ್ತದೆ: ಕೆಇಎ ಸೀಟು, ಖಾಸಗಿ ಕಾಲೇಜುಗಳ ಒಕ್ಕೂಟದ ಪರೀಕ್ಷೆಯಿಂದ ಸಿಗುವ ಕಾಮೆಡ್‌ಕೆ ಸೀಟು, ಮ್ಯಾನೇಜ್‌ಮೆಂಟ್ ಸೀಟು. ಸಿವಿಲ್, ಮೆಕ್ಯಾನಿಕಲ್‌ನಲ್ಲಿ ಕೆಇಎ ಸೀಟು ಕೊನೆಯ ಸುತ್ತಿನ ತನಕ ಉಳಿಯುವುದು ಸಾಮಾನ್ಯ, ಮೊದಲೇ ಮುಂಗಡ ಕೊಟ್ಟು ಮ್ಯಾನೇಜ್‌ಮೆಂಟ್ ಸೀಟು ಹಿಡಿಯಬೇಡಿ. ಶಿಕ್ಷಣ ಸಾಲದ ಕಂತು ಓದು ಮುಗಿದು ಒಂದು ವರ್ಷದ ನಂತರ ಶುರುವಾಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದಿಂದ ಬೆಳೆಯುತ್ತದೆ. ಓದುವಾಗಲೇ ಬಡ್ಡಿಯಷ್ಟು ಕಟ್ಟಿದರೆ ಹೊರೆ ಹಗುರ. ಹಳೆಯ ತೆರಿಗೆ ಪದ್ಧತಿಯಲ್ಲಿರುವವರಿಗೆ ಆ ಬಡ್ಡಿಯ ಮೇಲೆ 8 ವರ್ಷದವರೆಗೆ ವಿನಾಯಿತಿ ಇದೆ.

ಕಾಗದಪತ್ರ, ಆಪ್ಷನ್ ಎಂಟ್ರಿ

ಸಿಇಟಿ ಅರ್ಜಿ ಸಾಮಾನ್ಯವಾಗಿ ಜನವರಿ–ಫೆಬ್ರುವರಿಯಲ್ಲಿ, ಪರೀಕ್ಷೆ ಏಪ್ರಿಲ್‌ನಲ್ಲಿ. ಹಾಗಾಗಿ ನಿರ್ಧಾರ ದೀಪಾವಳಿಗೆ ಆಗಿರಬೇಕು, ಮಾರನೇ ದಿನದಿಂದಲೇ ಕಾಗದ ಹುಡುಕಬೇಕು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಆಧಾರ್ ಎರಡರಲ್ಲೂ ಹೆಸರು, ಇನಿಶಿಯಲ್, ಹುಟ್ಟಿದ ದಿನ ಒಂದೇ ಇರಲಿ. ಮದುವೆಯ ನಂತರ ಆಧಾರಿನಲ್ಲಿ ಹೆಸರು ಬದಲಾದ ಹೆಂಗಸರಿಗೆ ಇದು ಮೊದಲ ತಡೆ.

ಗ್ರಾಮೀಣ ಮೀಸಲು 15%, ಕನ್ನಡ ಮಾಧ್ಯಮ 5%. ಒಂದರಿಂದ ಹತ್ತರವರೆಗೆ ಹಳ್ಳಿಯಲ್ಲಿ, ಕನ್ನಡದಲ್ಲಿ ಓದಿದ ಮಲೆನಾಡಿನವರಿಗೆ ಇದು ನಿಜವಾದ ಲಾಭ, ಆದರೆ ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯ ಶಿಕ್ಷಕರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಬೇಕು. ನೀವು ಕಲಿತ ಶಾಲೆ ಮಕ್ಕಳಿಲ್ಲದೆ ಮುಚ್ಚಿರಬಹುದು. ಆಗ ದಾಖಲಾತಿ ಪುಸ್ತಕ ವಿಲೀನಗೊಂಡ ಹತ್ತಿರದ ಶಾಲೆಯಲ್ಲಿ ಅಥವಾ ಬಿಇಒ ಕಚೇರಿಯಲ್ಲಿ ಇರುತ್ತದೆ. ಪತ್ತೆಹಚ್ಚಲು ಮೂರು ನಾಲ್ಕು ಸಲ ಓಡಾಟವಾದರೂ ಹಿಡಿಯುತ್ತದೆ. ಆರ್‌ಡಿ ಸಂಖ್ಯೆ ಇರುವ ಜಾತಿ, ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಹೊಸದಾಗಿ ಮಾಡಿಸಿ, ಹಳೆಯದರ ಅವಧಿ ಮುಗಿದಿರಬಹುದು. ಓದಿನ ನಡುವಿನ ಬಿಡುವಿಗೆ ನೋಟರಿ ಅಫಿಡವಿಟ್ ಕೇಳುವ ಕಾಲೇಜುಗಳೂ ಇವೆ.

ಬೇಕಾದ ಕಾಲೇಜು, ಶಾಖೆಗಳ ಪಟ್ಟಿಯನ್ನು ಕೆಇಎಗೆ ಕೊಡುವ ಆಪ್ಷನ್ ಎಂಟ್ರಿಯಲ್ಲಿ ಹುಡುಗರು ನೂರು ಕಾಲೇಜು ತುಂಬುತ್ತಾರೆ. ನೀವು ಹೋಗಲು ಸಾಧ್ಯವಿರುವ ನಾಲ್ಕೈದನ್ನು ಮಾತ್ರ ಹಾಕಿ, ಇಷ್ಟದ ಕ್ರಮದಲ್ಲಿ. ಬೆಂಗಳೂರಿನ ಕಾಲೇಜನ್ನು ‘ಇರಲಿ’ ಎಂದು ಮೇಲೆ ಇಟ್ಟರೆ ಅದೇ ಸಿಕ್ಕಿ, ಕೆಳಗಿದ್ದ ಶಿವಮೊಗ್ಗದ ಆಯ್ಕೆ ತಾನಾಗಿ ರದ್ದಾಗುತ್ತದೆ. ಅಣಕು ಹಂಚಿಕೆ ಬಂದ ದಿನ ಪಟ್ಟಿಯ ಕ್ರಮ ತಿದ್ದಿಕೊಳ್ಳಲು ಅವಕಾಶವಿದೆ, ಬಿಡಬೇಡಿ. ಸೀಟು ಹಂಚಿಕೆಯಾದ ಮೇಲೆ ಚಾಯ್ಸ್ 1 ಎಂದರೆ ಒಪ್ಪಿ ಸೇರುವುದು, 2 ಎಂದರೆ ಇದನ್ನು ಹಿಡಿದಿಟ್ಟುಕೊಂಡು ಮೇಲಿನದಕ್ಕೆ ಕಾಯುವುದು, 3 ಎಂದರೆ ಇದನ್ನು ಬಿಟ್ಟು ಮುಂದಿನ ಸುತ್ತಿಗೆ, 4 ಎಂದರೆ ಪೂರ್ತಿ ಹೊರಗೆ. ಬೇಕಾದ ಶಾಖೆ ಶಿವಮೊಗ್ಗದಲ್ಲೇ ಸಿಕ್ಕಿದ್ದರೆ 1 ಒತ್ತಿ, ಗಡುವಿನ ಒಳಗೆ ಶುಲ್ಕ ಕಟ್ಟಿ, ಕಾಲೇಜಿಗೆ ವರದಿ ಮಾಡಿಕೊಳ್ಳಿ. ಕಾಲೇಜು ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಂಡರೆ ಸ್ವೀಕೃತಿ ಪತ್ರ ಬರೆಸಿಕೊಳ್ಳಿ, ಪ್ರತಿಯೊಂದರ ಎರಡು ದೃಢೀಕೃತ ನಕಲು ಮನೆಯಲ್ಲಿರಲಿ. ಓದಿನ ನಡುವೆ ನಿಮ್ಮ ವಯಸ್ಸಿನ ಮಿತಿಯೊಳಗಿನ ಅಧಿಸೂಚನೆ ಹೊರಟರೆ ಅರ್ಜಿ ಹಾಕಲು ಅವೇ ಬೇಕು.